ಕೊಯ್ದ ತುದಿಗೆ ಮೇಣ

ಡಿಸೆಂಬರ್ 8

ಮಗಳೇ,

ಇಲ್ಲಿ ನಾವಿಬ್ಬರೂ ನೆಟ್ಟಗಿದ್ದೇವೆ. ನಾನು ಸ್ವಲ್ಪ ಬಾಗಿ ನೆಟ್ಟಗಿದ್ದೇನೆ, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಜೈಲಿನಿಂದ ಫೋನು ಮಾಡಲು ಬಿಡುತ್ತಾರೆ ಎಂದು ನೀನು ಬರೆದಿದ್ದೆ. ಬಿಟ್ಟರೂ ಏನು ಪ್ರಯೋಜನ? ಐವತ್ತು ವರ್ಷ ಗರಗಸದ ಯಂತ್ರದ ಪಕ್ಕ ನಿಂತ ಬಡಗಿಯ ಕಿವಿ ಇದು. ನೀನು ಅತ್ತರೂ ನಕ್ಕರೂ ನನಗೆ ಒಂದೇ ಥರ ಕೇಳಿಸುತ್ತದೆ. ಕಾಗದವೇ ವಾಸಿ.

ಮೊನ್ನೆ ನಿನ್ನ ನಾದಿನಿ ಬಂದಿದ್ದಳು. ನಿನ್ನನ್ನೂ ಮಗುವನ್ನೂ ಬಿಟ್ಟು ಹೋದ ಆ ಮಹಾರಾಯ, ಮಗಳನ್ನು ತಂಗಿಯ ಸುಪರ್ದಿಗೆ ಕೊಟ್ಟಿದ್ದೇನೆ ಎಂದು ಸಹಿ ಹಾಕಿ ಕಳಿಸಿದ್ದಾನೆ. ಕೋರ್ಟಿನ ಮುದ್ರೆಯೂ ಬಿದ್ದಿದೆ. ಮಗು ಹೋಗಿ ಅವಳ ಮನೆ ಸೇರಿದ ದಿನದಿಂದ ಅದು ಜಾರಿ. ಫೆಬ್ರವರಿಯಲ್ಲಿ ಅವಳಿಗೆ ಬೇರೆ ಊರಿಗೆ ವರ್ಗ, ರೈಲಿನಲ್ಲಿ ಎರಡು ದಿನದ ದಾರಿ. ನಾನು ಮೊದಲು ಬೈದೆ, ಆಮೇಲೆ ಕೂರಿಸಿ ಮಾತಾಡಿದೆ. ಅವಳು ಕೆಟ್ಟವಳಲ್ಲ, ಅದೇ ಕಷ್ಟ. ಕೆಟ್ಟವಳಾಗಿದ್ದರೆ ಮುಖದ ಮೇಲೆ ಬಾಗಿಲು ಹಾಕಬಹುದಿತ್ತು.

"ಅತ್ತಿಗೆ ಮನೇಲಿದ್ದು ಮಗೂನ ನೋಡ್ಕೊಳ್ಳೋ ಹಾಗಿದ್ರೆ ಈ ಕಾಗದ ನಾನೇ ಹರಿದು ಹಾಕ್ತೀನಿ. ಆದ್ರೆ ನಿಮಗೆ ಎಪ್ಪತ್ತಮೂರು. ನಾಳೆ ಹೆಚ್ಚುಕಮ್ಮಿ ಆದ್ರೆ ಇವಳನ್ನ ಯಾರು ನೋಡ್ತಾರೆ?" ಅಂದಳು.

ಜನವರಿ ಇಪ್ಪತ್ತನಾಲ್ಕಕ್ಕೆ ನಿನ್ನ ಬಿಡುಗಡೆ, ಅಲ್ಲಿಯವರೆಗೆ ತಡಿ ಎಂದು ಬೇಡಿಕೊಂಡೆ. ಬಿಡುಗಡೆ ಮುಂದಕ್ಕೆ ಹೋದರೆ ಎಂದಳು. ಅಲ್ಲಿಯ ಶಾಲೆಗೆ ಬೇರೆ ಸೇರಿಸಬೇಕಂತೆ. "ಕ್ರಿಸ್‌ಮಸ್ ಮುಗೀಲಿ, ಮರ ತೆಗೆದ ಮೇಲೆ ಬಂದು ಕರ್ಕೊಂಡು ಹೋಗ್ತೀನಿ" ಅಂದಳು. ಅಷ್ಟರಲ್ಲಿ ನಮ್ಮ ಮೊಳೆ ಮೇಜಿನ ಕೆಳಗಿಂದ ತಲೆ ಹಾಕಿತು. ಏಳು ತುಂಬಿದರೂ ನಿನ್ನ ಮಗಳು ಮೊಳೆಯಷ್ಟೇ ಸಣಕಲು, ಮೊಳೆಯಷ್ಟೇ ಚೂಪು. ಹೆಸರು ಹಿಡಿದು ಕರೆದರೆ ಈಗ ತಿರುಗಿಯೂ ನೋಡುವುದಿಲ್ಲ.

"ಮರ ಯಾವಾಗ ತೆಗೀಬೇಕು ಅತ್ತೆ?"

"ಒಣಗಿದ ಮೇಲೆ, ಚಿನ್ನಾ."

"ಒಣಗದೇ ಇದ್ರೆ?"

ನಾದಿನಿಗೆ ನಗು ಬಂತು. "ಹಸಿರಾಗಿರೋವರೆಗೂ ಇಟ್ಕೋ. ನೀನೂ ಇರು."

"ಮಾತು?"

"ಮಾತು."

ಇಬ್ಬರೂ ದೊಡ್ಡ ವ್ಯಾಪಾರಸ್ಥರ ಹಾಗೆ ಕೈ ಕುಲುಕಿದರು. ತಮಾಷೆಗೆ ಕೊಟ್ಟ ಮಾತೇ ಇರಲಿ, ನಮಗೆ ಸಿಕ್ಕಿದ್ದು ಅದೊಂದೇ. ನೀನು ಹೂವಿನ ಅಂಗಡಿಯಲ್ಲಿ ವರ್ಷ ವರ್ಷವೂ ಈ ಮರಗಳನ್ನು ಮಾರಿದವಳು. ಕಡಿದ ಮರವನ್ನು ಮನೆಯೊಳಗೆ ಹಸಿರಾಗಿ ಇಡುವುದು ಹೇಗೆ, ಕೂಡಲೇ ಬರಿ. ಮರ ಒಣಗಿಸುವುದು ನನ್ನ ಕಸುಬು. ಹಸಿಯಾಗಿಡುವ ವಿದ್ಯೆಯನ್ನು ನನಗೆ ಯಾರೂ ಕಲಿಸಲಿಲ್ಲ.

ನೀನು ದೂರದ ಮರಗಳ ತೋಟದಲ್ಲಿ ಕೆಲಸಕ್ಕಿದ್ದೀಯ ಎಂದೇ ಮೊಳೆ ನಂಬಿದ್ದಾಳೆ. ನಾನು ಕಟ್ಟಿದ ಕಥೆ. ಈಗ ಅದಕ್ಕೆ ದಿನಾ ಒಂದೊಂದು ಹಲಗೆ ಸೇರಿಸುತ್ತಾ ಕೂರಬೇಕಾಗಿದೆ.

ನಿನ್ನ ಅಪ್ಪ


ಡಿಸೆಂಬರ್ 15

ಮಗಳೇ,

ನಿನ್ನ ಉತ್ತರಕ್ಕೆ ಮೊದಲೇ ಮರ ಬಂತು. ಮೊಳೆ ಕಾಯಬೇಕಲ್ಲ. ರೈಲ್ವೆ ಗೋಡೆಯ ಪಕ್ಕದಲ್ಲಿ ಒಬ್ಬ ಸಾಲಾಗಿ ಒರಗಿಸಿಕೊಂಡು ಮಾರುತ್ತಿದ್ದ. ಇವಳು ಒಂದೊಂದರ ಮುಂದೆಯೂ ನಿಂತು, "ನೀನು ಎಷ್ಟು ದಿನ ಇರ್ತೀಯ?" ಎಂದು ವಿಚಾರಿಸಿದಳು. "ಹೊಸ ವರ್ಷದವರೆಗೂ ಗ್ಯಾರಂಟಿ, ಪಾಪು" ಎಂದು ಮಾರುವವನು ಹೇಳಿದ. "ನಮಗೆ ಜನವರಿ ಇಪ್ಪತ್ತನಾಲ್ಕರವರೆಗೆ ಬೇಕು" ಎಂದಳು. ಅವನು ನನ್ನ ಮುಖ ನೋಡಿದ. ನಾನು ಕಿವುಡನ ಹಾಗೆ ನಿಂತೆ. ಅದು ನನಗೆ ಬಹಳ ಸುಲಭ.

ತಳ್ಳುಗಾಡಿಯಲ್ಲಿ ತಂದೆವು. ಮನೆಗೆ ಬಂದು ಬುಡ ನೋಡಿದರೆ ಕೊಯ್ದ ತುದಿಯಲ್ಲಿ ಇನ್ನೂ ತೇವ ಒಸರುತ್ತಿತ್ತು. ಮರ ಸೀಳುವುದೂ ಅಲ್ಲಿಂದ, ಒಳಗಿನ ತೇವ ಕಳ್ಳನ ಹಾಗೆ ಓಡಿಹೋಗುವುದೂ ಅಲ್ಲಿಂದ. ಕಾರ್ಖಾನೆಗೆ ಹೊಸ ದಿಮ್ಮಿ ಬಂದರೆ ನಮ್ಮ ಮೊದಲ ಕೆಲಸ ಆ ತುದಿ ಮುಚ್ಚುವುದು. ಮೇಣ ಕಾಯಿಸಿ ಎರಡು ಸಲ ದಪ್ಪಗೆ ಬಳಿದೆ. ಮೊಳೆ ಪಕ್ಕದಲ್ಲಿ ಕೂತು ಊದಿ ಊದಿ ಆರಿಸಿದಳು. ಒಂದು ಹನಿ ಆಚೆ ಬರದ ಹಾಗೆ ಭದ್ರ ಮಾಡಿದ್ದೇನೆ, ನೀನು ಯೋಚನೆ ಮಾಡಬೇಡ.

ತೇಗದ ಹಲಗೆಯಲ್ಲಿ ಒಂದು ತೊಟ್ಟಿ ಮಾಡಿ ಅದರೊಳಗೆ ನಿಲ್ಲಿಸಿದೆ. ಒಂದೂ ಮೊಳೆ ಹೊಡೆಯದೆ, ಬರೀ ಹಲಗೆಗೆ ಹಲಗೆ ಕೂಡಿಸಿ ಮಾಡಿದ್ದು. ನಮ್ಮ ಮೊಳೆಗೆ ಅದರಿಂದ ಅವಮಾನವಾಯಿತಂತೆ. ನೀರು ತುಂಬಿಸಿ ಒಂದು ದಿನವಾಯಿತು, ಒಂದು ಕೂದಲೆಳೆಯಷ್ಟೂ ಇಳಿದಿಲ್ಲ. ಬಹಳ ಸಭ್ಯ ಮರ. ಚಳಿಯಾಗದಿರಲಿ ಎಂದು ಹೀಟರಿನ ಪಕ್ಕದಲ್ಲೇ ಇಟ್ಟಿದ್ದೇನೆ.

ಮನೆಯೆಲ್ಲ ಹಸಿ ಮರದ ವಾಸನೆ. ಎರಡು ವರ್ಷದ ಮೇಲೆ ಮೊದಲ ಬಾರಿಗೆ ಈ ಮನೆ ಯಾರಿಗೋ ಕಾಯುತ್ತಿದೆ ಅನ್ನಿಸಿತು.

ಅಪ್ಪ


ಡಿಸೆಂಬರ್ 16

ಅಪ್ಪಾ,

ಎಂಟನೇ ತಾರೀಖಿನ ನಿನ್ನ ಕಾಗದ ಇವತ್ತು ಕೈಗೆ ಬಂತು. ಇಲ್ಲಿಯವರು ಓದಿ, ಮುದ್ರೆ ಹೊಡೆದು ಕೊಡುವಷ್ಟರಲ್ಲಿ ವಾರ ಕಳೆಯುತ್ತದೆ. ಆದ್ದರಿಂದ ಗಮನವಿಟ್ಟು ಓದು, ತಿರುಗಿಸಿ ಕೇಳಲು ಪುರುಸೊತ್ತಿಲ್ಲ.

ಮರ ಮನೆಗೆ ಬಂದ ಕೂಡಲೇ ಬುಡದಲ್ಲಿ ಒಂದಿಂಚು ಹೊಸದಾಗಿ ಕೊಯ್ದು ಹಾಕು. ಕೊಯ್ದ ಅರ್ಧ ಗಂಟೆಯೊಳಗೆ ನೀರಿಗೆ ಇಳಿಸು. ತಡವಾದರೆ ಮರದ ಅಂಟೇ ಕೊಯ್ದ ಜಾಗವನ್ನು ಮುಚ್ಚಿಬಿಡುತ್ತದೆ. ಆಮೇಲೆ ಕೊಡ ತುಂಬ ನೀರಿನಲ್ಲಿ ನಿಂತುಕೊಂಡೇ ಬಾಯಾರಿ ಸಾಯುತ್ತದೆ. ನೀರಿಗೆ ಸಕ್ಕರೆ, ಮಾತ್ರೆ, ಏನೂ ಹಾಕಬೇಡ, ಯಾರು ಹೇಳಿದರೂ. ಮೊದಲ ದಿನ ಅದು ಬಕೆಟ್ ಖಾಲಿ ಮಾಡಬೇಕು, ಆಮೇಲೆ ದಿನಕ್ಕೆ ಎರಡು ಮೂರು ತಂಬಿಗೆ. ಹೀಟರಿನಿಂದ ದೂರ, ತಣ್ಣನೆಯ ಕಿಟಕಿಯ ಪಕ್ಕ ಇಡು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹೀಗೆಯೇ ಒಂದನ್ನು ಜನವರಿ ಕೊನೆಯವರೆಗೆ ಉಳಿಸಿದ್ದೆ. ಆಗುತ್ತದೆ ಅಪ್ಪಾ, ಆಗಲೇಬೇಕು.

ನನ್ನನ್ನು ಬಟ್ಟೆ ಒಗೆಯುವ ಕಡೆ ಹಾಕಿದ್ದಾರೆ. ದಿನಕ್ಕೆ ನಾಲ್ಕು ನೂರು ಹಾಸು ಬಟ್ಟೆ. ಕೈ ಕೆಲಸ ಮಾಡುತ್ತದೆ, ತಲೆ ಎಲ್ಲೆಲ್ಲಿಗೋ ಹೋಗುತ್ತದೆ. ಅಂಗಡಿಯ ವ್ಯಾನು ಓಡಿಸುತ್ತಾ ನಾನು ತೂಕಡಿಸಿದೆ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರು ಸತ್ತರು. ಕೋರ್ಟಿನಲ್ಲಿ ನಾನೇ ಹೇಳಿದೆ, ಮುಚ್ಚಿಡಲಿಲ್ಲ. ಎರಡು ವರ್ಷ ಹೆಚ್ಚಾಯಿತು ಎಂದು ಒಂದು ದಿನವೂ ಅಂದುಕೊಂಡಿಲ್ಲ. ಆದರೆ ಮೊಳೆಯನ್ನೂ ಕೊಡಬೇಕು ಎಂದು ಆ ತೀರ್ಪಿನಲ್ಲಿ ಬರೆದಿರಲಿಲ್ಲ.

ಮರ ಎಷ್ಟು ಕುಡಿಯುತ್ತಿದೆ ಎಂದು ಪ್ರತಿ ಕಾಗದದಲ್ಲೂ ಬರಿ.

ನಿನ್ನ ಮಗಳು


ಡಿಸೆಂಬರ್ 22

ಅಪ್ಪಾ, ಮೇಣ ಬಳಿದೆಯಾ?

ಆ ತುದಿ ಅದರ ಬಾಯಿ. ಇರುವುದು ಅದೊಂದೇ ಬಾಯಿ. ಒಂದು ಕೂದಲೆಳೆ ನೀರೂ ಇಳಿದಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೀಯಲ್ಲ, ಹೇಗೆ ಇಳಿಯುತ್ತದೆ? ಅದು ಹಲಗೆಗೆ ತಂದ ದಿಮ್ಮಿಯಲ್ಲ ಅಪ್ಪಾ!

ಈ ಕಾಗದ ಓದಿ ಮುಗಿಸುವ ಮೊದಲೇ ಗರಗಸ ತಗೋ. ಎರಡಿಂಚು ಕೊಯ್ಯಿ, ಮೂರಾದರೂ ಸರಿ. ಹೀಟರಿನಿಂದ ಎತ್ತು. ಈ ಕಾಗದ ನಿನ್ನನ್ನು ಮುಟ್ಟುವುದು ಇನ್ನೊಂದು ವಾರಕ್ಕೆ. ಇಲ್ಲಿನ ಮೇಲ್ವಿಚಾರಕಿಯ ಹತ್ತಿರ ಹೋಗಿ, ಒಂದು ಫೋನು ಮಾಡಲು ಬಿಡಿ, ಮಗಳ ಹತ್ತಿರವಾದರೂ ಹೇಳುತ್ತೇನೆ ಎಂದು ಅತ್ತುಕೊಂಡು ಕೇಳಿದೆ. "ಯಾರಿಗೆ ಹುಷಾರಿಲ್ಲ?" ಎಂದು ಕೇಳಿದಳು. ಮರಕ್ಕೆ ಎಂದೆ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ, ಆಮೇಲೆ ನಿಲ್ಲಿಸಲು ಆಗಲಿಲ್ಲ.

ಮಗಳು


ಡಿಸೆಂಬರ್ 30

ಮಗಳೇ,

ನಿನ್ನ ಮೊದಲ ಕಾಗದ ಇಪ್ಪತ್ತಮೂರಕ್ಕೆ ಬಂತು. ನಿಂತುಕೊಂಡು ಓದಲು ಶುರು ಮಾಡಿದವನು "ಬಾಯಾರಿ ಸಾಯುತ್ತದೆ" ಅನ್ನುವ ಕಡೆ ಕೂತೆ. ನಿನ್ನೆ ಎರಡನೆಯದು ಬಂತು. ಅಷ್ಟು ಹೊತ್ತಿಗೆ ನಾನೇ ನನ್ನನ್ನು ಬೈದುಕೊಂಡು ಮುಗಿಸಿದ್ದೆ, ನಿನಗೆ ಹೆಚ್ಚೇನೂ ಉಳಿಸಿರಲಿಲ್ಲ.

ಇಪ್ಪತ್ತಮೂರರ ಬೆಳಿಗ್ಗೆಯೇ ಮರವನ್ನು ಮಲಗಿಸಿ ಮೂರಿಂಚು ಕೊಯ್ದೆ. ಮೊಳೆ ಕೊಂಬೆ ಹಿಡಿದುಕೊಂಡಿದ್ದಳು. "ನೋವಾಗುತ್ತಾ ತಾತ?" ಎಂದಳು. ಇಲ್ಲ ಎಂದೆ. "ಮತ್ತೆ ಗರಗಸ ಯಾಕೆ ಗೆರೆ ಬಿಟ್ಟು ಹೋಗ್ತಿದೆ?" ಎಂದಳು. ಐವತ್ತು ವರ್ಷದಲ್ಲಿ ಗೆರೆ ಬಿಟ್ಟು ಕೊಯ್ದದ್ದು ಅವತ್ತೊಂದೇ ದಿನ. ತೊಟ್ಟಿಯನ್ನು ಕಿಟಕಿಯ ಕಡೆಗೆ ಎಳೆದು, ಹೀಟರು ಆರಿಸಿ, ಇಬ್ಬರೂ ಎರಡೆರಡು ಸ್ವೆಟರು ಹಾಕಿಕೊಂಡು ಕ್ರಿಸ್‌ಮಸ್ ಮಾಡಿದೆವು. ಬಾಯಿಂದ ಹೊಗೆ ಬರುತ್ತಿತ್ತು. ಅವಳಿಗೆ ಅದೇ ಆಟವಾಯಿತು.

ಆದರೆ ಕೇಳು, ನೀರು ಇಳಿಯುತ್ತಿದೆ! ದಿನಕ್ಕೆ ನಾಲ್ಕು ಬೆರಳು. ಮೊಳೆ ಬೆಳಿಗ್ಗೆ ಎದ್ದವಳೇ ಓಡಿ ಹೋಗಿ ನೋಡಿ "ಕುಡೀತು, ಕುಡೀತು" ಎಂದು ಕುಣಿಯುತ್ತಾಳೆ. ಕೆಳಗಿನ ಕೊಂಬೆಗಳು ಸ್ವಲ್ಪ ಕಂದಿವೆ. ಉಳಿದಂತೆ ಅಡ್ಡಿಯಿಲ್ಲ.

ಅಪ್ಪ


ಜನವರಿ 5

ಅಪ್ಪಾ,

ಕುಡಿಯುತ್ತಿದೆ ಎಂದು ಓದಿ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಊಟ ಮಾಡಿದೆ. ಆದರೂ ಒಳಗೊಂದು ಅಳುಕು. ಹತ್ತು ದಿನ ಬಾಯಿ ಕಟ್ಟಿದ್ದ ಮರ ಹೀಗೆ ಸುಲಭಕ್ಕೆ ಕುಡಿದದ್ದನ್ನು ನಾನು ಕಂಡಿಲ್ಲ. ನೀನು ನನಗೆ ಸಮಾಧಾನವಾಗಲೆಂದು ಏನನ್ನಾದರೂ ಬರೆಯಬಲ್ಲವನು, ಅದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಕೆಳಗಿನದನ್ನು ಮೊಳೆಗೆ ಓದಿ ಹೇಳು. ಪೂರ್ತಿ ಓದಬೇಕು.

ನನ್ನ ಮೊಳೆಗೆ: ದಿನಾ ಒಂದು ಸೂಜಿ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸು. ಬಗ್ಗಿದರೆ ಮರ ಬದುಕಿದೆ. ಚಟ್ ಎಂದು ಮುರಿದರೆ ಸತ್ತಿದೆ. ಮುರಿದರೆ ಮುರಿಯಿತು ಅಂತಲೇ ಹೇಳಬೇಕು. ತಾತನಿಗೆ ಬೇಜಾರಾಗುತ್ತದೆ ಎಂದು ಮುಚ್ಚಿಡಬಾರದು. ಅಮ್ಮ ಯಾವತ್ತೂ ಮುಚ್ಚಿಟ್ಟಿಲ್ಲ. ನೀನೂ ನನ್ನ ಮಗಳು ತಾನೆ?

ಇನ್ನು ಹತ್ತೊಂಬತ್ತು ದಿನ.

ಮಗಳು


ಜನವರಿ 8

ಮಗಳೇ,

ಮರ ಭರ್ಜರಿಯಾಗಿದೆ. ದಿನಕ್ಕೆ ಮೂರು ತಂಬಿಗೆ ಎಳೆಯುತ್ತಿದೆ, ಕೆಲವು ದಿನ ನಾಲ್ಕು. ನೆರೆಯವರು ಬಂದು ನೋಡಿ ಬೆರಗಾಗಿ ಹೋದರು. ಮೊಳೆ ಚೆನ್ನಾಗಿ ತಿನ್ನುತ್ತಾಳೆ, ಚೆನ್ನಾಗಿ ನಿದ್ದೆ ಮಾಡುತ್ತಾಳೆ. ನೀನು ಬರುವ ದಿನಕ್ಕೆ ನಿನ್ನ ಕೋಣೆಯ ಕಪಾಟಿಗೆ ಹೊಸ ಹಿಡಿ ಹಾಕುತ್ತಿದ್ದೇನೆ. ಇಲ್ಲಿಯ ಬಗ್ಗೆ ಒಂದಿಷ್ಟೂ ಚಿಂತೆ ಬೇಡ.

ಅಪ್ಪ


ಜನವರಿ 14

ಅಪ್ಪಾ,

ನಾಲ್ಕನೇ ವಾರದಲ್ಲಿ ಯಾವ ಮರವೂ ದಿನಕ್ಕೆ ಮೂರು ತಂಬಿಗೆ ಕುಡಿಯುವುದಿಲ್ಲ. ಗಟ್ಟಿಮುಟ್ಟಾದದ್ದೂ ಅಷ್ಟು ಹೊತ್ತಿಗೆ ಅರ್ಧಕ್ಕೆ ಇಳಿಯುತ್ತದೆ. ಆರು ವರ್ಷ ಅದೇ ಕೆಲಸ ಮಾಡಿದವಳ ಹತ್ತಿರ ಸುಳ್ಳು ಹೇಳುವಾಗ ಇಷ್ಟಾದರೂ ವಿಚಾರಿಸಿಕೊಳ್ಳಬಾರದಾ?

ಎಷ್ಟು ಉದುರಿದೆ ಹೇಳು. ಉದುರಿದ್ದರೂ ಪರವಾಗಿಲ್ಲ. ನಾದಿನಿ ಮೃದು ಮನಸ್ಸಿನವಳು. ಬಂದರೆ ಕೂರಿಸಿ ಮಾತಾಡು, ಹತ್ತೇ ದಿನ ಎಂದು ಹೇಳು. ಅವಳು ಒಪ್ಪುತ್ತಾಳೆ. ಬಡಾಯಿ ಬಿಟ್ಟು ಬೇಡಿಕೋ ಅಪ್ಪಾ, ನನಗೋಸ್ಕರ.

ಮಗಳು


ಜನವರಿ 15

ಮಗಳೇ,

ಮೊದಲು ಇದನ್ನೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮತ್ತೆ ಸುತ್ತಿ ಬಳಸಿ ಸುಳ್ಳಿಗೇ ಬರುತ್ತೇನೆ. ಮೊಳೆ ನಿನ್ನೆ ಹೋದಳು.

ಹಿಂದಿನ ಕಾಗದದಲ್ಲಿ ಬರೆದದ್ದೆಲ್ಲ ಸುಳ್ಳು. ಮರ ಒಂದು ಹನಿಯನ್ನೂ ಕುಡಿಯಲಿಲ್ಲ. ನೀರು ಇಳಿದದ್ದು ನಿಜವೇ. ತೊಟ್ಟಿಯನ್ನು ಕಿಟಕಿಯ ಕಡೆಗೆ ಎಳೆದಾಗ ನಾನು ಅಷ್ಟು ಜಂಬದಿಂದ ಕೂಡಿಸಿದ ಸಂದು ಬಾಯಿಬಿಟ್ಟಿತ್ತು. ನೀರೆಲ್ಲ ನೆಲದ ಹಲಗೆಗೆ ಹೋಗುತ್ತಿತ್ತು. ನಾವು ದಿನಾ ನೆಲಕ್ಕೆ ನೀರು ಕುಡಿಸಿ ಕುಣಿದೆವು. ನಾಲ್ಕನೇ ತಾರೀಖು ಕಾಲ್ಚೀಲ ಒದ್ದೆಯಾದಾಗ ಗೊತ್ತಾಯಿತು. ನಿನಗೆ ಬರೆಯಲು ಧೈರ್ಯ ಸಾಲಲಿಲ್ಲ.

ಆಮೇಲೆ ಬಾಗಿಲು ಹಾಕಿದ ಸದ್ದಿಗೂ ಉದುರುತ್ತಿತ್ತು. ಬಾಗಿಲನ್ನು ಮೆಲ್ಲಗೆ ಹಾಕುವುದನ್ನು ಇಬ್ಬರೂ ಕಲಿತೆವು. ಕೆಮ್ಮು ಬಂದರೆ ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಹನ್ನೆರಡನೇ ತಾರೀಖು ಮೊಳೆ ಶಾಲೆಗೆ ಹೋದ ಮೇಲೆ ಒಂದು ಡಬ್ಬ ಹಸಿರು ಬಣ್ಣ ತಂದು ಒಂದೊಂದೇ ಕೊಂಬೆಗೆ ಹಚ್ಚಿದೆ. ಕುರ್ಚಿ ಮೇಜಿಗೆ ಬಣ್ಣ ಹಚ್ಚಿದ ಕೈ, ಕೆಲಸ ನಾಜೂಕಾಗಿಯೇ ಆಯಿತು. ಅವಳು ಬಂದು ನೋಡಿದಳು, ಮೂಗು ಅರಳಿಸಿದಳು, "ಚೆನ್ನಾಗಿದೆ ತಾತ" ಎಂದು ಬ್ಯಾಗು ಇಡಲು ಹೋದಳು.

ಅದೇ ದಿನ ನಿನ್ನ ಕಾಗದ ಬಂತು. ಅವಳಿಗೆಂದು ಬರೆದದ್ದನ್ನು ಪೂರ್ತಿ ಓದಿದೆ. ಒಂದು ಸಾಲು ಬಿಡಲೇ ಎಂದು ಯೋಚಿಸಿದೆ. ಅವಳೇ ಪಕ್ಕದಲ್ಲಿ ಕೂತು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದಳು, ಬಿಡಲಾಗಲಿಲ್ಲ.

ನಿನ್ನೆ ಮಧ್ಯಾಹ್ನ ನಾದಿನಿ ಬಂದಳು. ಕೋಣೆಯೊಳಗೆ ಕಾಲಿಟ್ಟವಳೇ ಮರವನ್ನೂ ನನ್ನನ್ನೂ ನೋಡಿದಳು. ಬಣ್ಣದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನನ್ನ ಉಗುರಿನ ಸಂದಿಯಲ್ಲೂ ಹಸಿರಿತ್ತು. ಅವಳಿಗೆ ಎಲ್ಲ ತಿಳಿಯಿತು, ನಾನು ಬಾಯಿ ಬಿಡುವುದೇ ಬೇಕಾಗಲಿಲ್ಲ. ಅವಳ ಕಣ್ಣು ತುಂಬಿತು ಮಗಳೇ. "ಪರವಾಗಿಲ್ವೇ, ಇನ್ನೂ ಹಸಿರಾಗೇ ಇದೆ! ಹಾಗಾದ್ರೆ ನಾನು ತಿಂಗಳ ಕೊನೆಗೆ ಬರ್ತೀನಿ, ಮಾವ" ಎಂದಳು.

ಟೀ ಮಾಡೋಣವೆಂದು ಎದ್ದೆ. ಆಗ ಮೊಳೆ ಹೇಳಿದಳು.

"ಇಲ್ಲ ಅತ್ತೆ. ತಾತ ಬಣ್ಣ ಹಚ್ಚಿದಾರೆ. ಅದು ಸತ್ತೋಗಿದೆ."

ಕೊಂಬೆಯ ಹತ್ತಿರ ಹೋಗಿ ಒಂದು ಎಲೆ ಮುರಿದು ಕೈಯಲ್ಲಿಟ್ಟು ತೋರಿಸಿದಳು. ನಾದಿನಿ ಅವಳನ್ನು ಹತ್ತಿರ ಎಳೆದುಕೊಂಡು, "ಹೋಗ್ಲಿ ಬಿಡೇ, ಪರವಾಗಿಲ್ಲ, ನೀನು ಇಲ್ಲೇ ಇರು" ಎಂದಳು. ಇವಳು ಕೇಳಬೇಕಲ್ಲ. "ಹಸಿರಾಗಿರೋವರೆಗೂ ಅಂತ ತಾನೆ ಮಾತು? ಅಮ್ಮ ಮುಚ್ಚಿಡಬಾರ್ದು ಅಂದಿದಾರೆ." ಒಳಗೆ ಹೋಗಿ ಬ್ಯಾಗು ತಂದಳು. ಹಿಂದಿನ ದಿನವೇ ತುಂಬಿಟ್ಟಿದ್ದಳು, ತಾನೇ ಮಡಚಿದ ಬಟ್ಟೆ.

ನಾನು ಅಡ್ಡ ನಿಲ್ಲಬೇಕಿತ್ತು. ಬೇಡಿಕೊಳ್ಳಬೇಕಿತ್ತು. ಆದರೆ ಕೈಗೆಲ್ಲ ಬಣ್ಣ ಮೆತ್ತಿಕೊಂಡು ಆ ಮಗುವಿನ ಮುಂದೆ ಏನು ಹೇಳಲಿ? ಇನ್ನೊಂದು ಸುಳ್ಳು ಹೇಳು ಅಂತಲೇ? ನಾದಿನಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನನ್ನ ಮುಖ ನೋಡಿದಳು. ನಾನು ಒಂದು ಮಾತು ಆಡಿದ್ದರೆ ಬಿಟ್ಟು ಹೋಗುತ್ತಿದ್ದಳು. ನಾನು ಆಡಲಿಲ್ಲ. ಮೊಳೆ ಮೆಟ್ಟಿಲಿಳಿದು ತಿರುಗಿ ಬಂದು ಬಾಗಿಲನ್ನು ಮೆಲ್ಲಗೆ ಹಾಕಿಕೊಂಡು ಹೋದಳು.

ಬೈದು ಬರಿ. ಬರೆಯದೆ ಮಾತ್ರ ಇರಬೇಡ.

ಅಪ್ಪ


ಜನವರಿ 21

ಅಪ್ಪಾ,

ಬೈಯಲು ಕೂತೆ, ಆಗಲಿಲ್ಲ. ನೀನು ಮೇಣ ಬಳಿದದ್ದು ತಪ್ಪಾದರೆ, ಅವಳಿಗೆ ಹಾಗೆ ಬರೆದ ನನ್ನದೇನು? ನಿನ್ನ ಸುಳ್ಳು ಹಿಡಿಯಲು ಒಂದು ಮಗುವನ್ನು ಕಾವಲಿಟ್ಟೆ. ಅವಳು ಕೆಲಸ ಸರಿಯಾಗಿ ಮಾಡಿದಳು. ಅಮ್ಮ ಯಾವತ್ತೂ ಮುಚ್ಚಿಟ್ಟಿಲ್ಲ ಎಂದು ಬರೆದವಳು ಮರದ ತೋಟದಲ್ಲಿ ಕೂತವಳ ಹಾಗೆ ನಾಟಕವಾಡುತ್ತಿದ್ದೆ. ಈ ಮನೆಯಲ್ಲಿ ನಿಜ ಹೇಳಿದವಳು ಅವಳೊಬ್ಬಳೇ, ಕಳೆದುಕೊಂಡವಳೂ ಅವಳೇ.

ನಿನ್ನೆ ವಕೀಲರು ಬಂದಿದ್ದರು. ಕಾಗದ ಜಾರಿಯಾಗಿದೆಯಂತೆ. ಅರ್ಜಿ ಹಾಕಬಹುದು, ವರ್ಷಗಳು ಹಿಡಿಯುತ್ತವೆ, ನನ್ನಂಥವಳಿಗೆ ಕೊಡುತ್ತಾರೆಂದು ಭರವಸೆ ಹೇಳಲಾರೆ ಎಂದರು. ಒಳ್ಳೆಯ ಮನುಷ್ಯ, ಹೇಳುವಾಗ ಮೇಜನ್ನೇ ನೋಡುತ್ತಿದ್ದರು. ನಾದಿನಿ ಮನಸ್ಸು ಮಾಡಿದರೆ ಬೇರೆ ಮಾತು. ಆದರೆ ಹೋಗುತ್ತೇನೆಂದು ಹೊರಟವಳು ಮೊಳೆಯೇ. ಅವಳೇ ಬರುತ್ತೇನೆ ಅನ್ನಬೇಕು.

ಶನಿವಾರಕ್ಕೆ ಮೊದಲೇ ನಿನಗೆ ಸಿಗಲಿ ಎಂದು ಈ ಕಾಗದವನ್ನು ವಕೀಲರ ಕೈಯಲ್ಲೇ ಕಳಿಸುತ್ತಿದ್ದೇನೆ, ಅವತ್ತು ನೀನು ಗೇಟಿನ ಹತ್ತಿರ ಬರಬೇಡ. ಕೋಪವಲ್ಲ. ಎರಡು ವರ್ಷ ಆ ಗೇಟನ್ನು ನೆನೆಸಿಕೊಂಡಾಗಲೆಲ್ಲ ನಿನ್ನ ಪಕ್ಕದಲ್ಲಿ ಒಂದು ಪುಟ್ಟ ತಲೆ ಇರುತ್ತಿತ್ತು. ಈಗ ನೀನೊಬ್ಬನೇ ನಿಂತಿರುವುದನ್ನು ನೋಡಲಾರೆ. ಇನ್ನು ಮೂರು ದಿನ. ಇಲ್ಲಿಂದ ಹೊರಗೆ ಹೋಗಲು ನನಗೆ ಮನಸ್ಸೇ ಇಲ್ಲ ಅಪ್ಪಾ. ಇಲ್ಲಿದ್ದಾಗ ಹೊರಗೆ ಅವಳಿದ್ದಳು.

ಮಗಳು


ಜನವರಿ 22

ಅಮ್ಮಾ,

ನಾನು ಮೊಳೆ. ನೀನು ಶನಿವಾರ ತೋಟದಿಂದ ಬರ್ತೀಯ ಅಂತ ತಾತ ಹೇಳಿದ್ರು. ಅದಕ್ಕೆ ತಾತನ ಮನೆಗೇ ಕಾಗದ ಹಾಕ್ತಿದ್ದೀನಿ.

ನಾನು ಅಳಲಿಲ್ಲ. ಬಸ್ಸಿನಲ್ಲಿ ಸ್ವಲ್ಪ ಅತ್ತುಬಿಟ್ಟೆ. ಅತ್ತೆ ಒಳ್ಳೆಯವರು. ನನಗೆ ಬೇರೆ ಹಾಸಿಗೆ ಕೊಟ್ಟಿದ್ದಾರೆ, ದಿಂಬಿನ ಮೇಲೆ ಮೀನು ಇದೆ. ವಾಪಸ್ ಹೋಗ್ತೀಯಾ, ಹೇಳು, ಬಿಟ್ಟು ಬರ್ತೀನಿ ಅಂತ ಅತ್ತೆ ಎರಡು ಸಲ ಕೇಳಿದ್ರು. ನಾನು ನೋಡ್ತೀನಿ ಅಂದೆ.

ಇಲ್ಲಿ ದೊಡ್ಡ ಕೋಣೆಯಲ್ಲೂ ಒಂದು ಮರ ಇದೆ. ಕ್ರಿಸ್‌ಮಸ್ ಆದ ಮೇಲೂ ಅತ್ತೆ ತೆಗೆದಿಲ್ಲ. ಅದು ಪ್ಲಾಸ್ಟಿಕ್ಕಂತೆ. ಯಾವತ್ತೂ ಒಣಗಲ್ಲವಂತೆ. ನಾನು ಮೂರು ಸಲ ಕೇಳಿದೆ, ಮೂರು ಸಲವೂ ಒಣಗಲ್ಲ ಅಂದ್ರು.

ಹಾಗಾದ್ರೆ ನಾನು ಇಲ್ಲೇ ಇರಬೇಕು, ಅಲ್ವಾ ಅಮ್ಮಾ? ಮಾತು ಕೊಟ್ಟಿದ್ದೀನಿ.

ನಿನ್ನ ಮೊಳೆ